ಗಾಡಿ ಹೋದ ಮೇಲೆ ಕೇರಿಯಲ್ಲಿ ಯಾರು?

ಕ್ಯಾಂಪು ಎಂಬ ಮಾತು ನಮ್ಮ ಕೇರಿಗಳಲ್ಲಿ ಕನ್ನಡದ ಮಾತೇ ಆಗಿಹೋಗಿದೆ. ಕಣ್ಣಿನ ಕ್ಯಾಂಪು, ಹಲ್ಲಿನ ಕ್ಯಾಂಪು, ರಕ್ತದ ಕ್ಯಾಂಪು, ಆಪರೇಷನ್ ಕ್ಯಾಂಪು. ಶಾಲೆಯ ಬಯಲಿಗೆ ಶಾಮಿಯಾನ ಬರುತ್ತೆ, ಮೈಕು ಕೂಗುತ್ತೆ, ಬಿಳಿ ಕೋಟಿನವರು ಜನರನ್ನು ಸಾಲು ನಿಲ್ಲಿಸಿ ನೋಡ್ತಾರೆ, ಗುಳಿಗೆಯ ಪೊಟ್ಟಣ ಕೊಡ್ತಾರೆ, ಫೋಟೋ ತೆಗೀತಾರೆ, ಸಂಜೆಗೆ ಗಾಡಿ ಹತ್ತಿ ಹೋಗ್ತಾರೆ. ಪೊಟ್ಟಣ ಹತ್ತು ದಿನಕ್ಕೆ ಮುಗಿಯುತ್ತೆ. ಕಾಯಿಲೆ ಮುಗಿಯಲ್ಲ.

ಈ ಬಂದು ಹೋಗುವ ವೈದ್ಯಕ್ಕೆ ಒಂದು ಚರಿತ್ರೆ ಇದೆ. ಅದರ ದೊಡ್ಡ ಪಾಲು ಕ್ರೈಸ್ತ ಮಿಷನ್ನುಗಳ ಚರಿತ್ರೆ. ಅದನ್ನು ಹೆಚ್ಚಾಗಿ ಎರಡು ಥರದ ಜನ ಹೇಳುತ್ತಾ ಬಂದಿದ್ದಾರೆ. ಮಿಷನ್ನಿನವರು ಅದನ್ನು ದೇವರ ಪ್ರೀತಿಯ ಕತೆ ಎಂದರು. ಧರ್ಮರಕ್ಷಕರು ಮತಾಂತರದ ಹುನ್ನಾರ ಎಂದರು. ಆ ಸಾಲಿನಲ್ಲಿ ಕೊನೆಗೆ ನಿಂತವರ ಕಡೆಯಿಂದ ಹೇಳಿದವರು ಕಡಿಮೆ. ಕೊನೆಗೆ ನಿಂತವರ ಪ್ರಶ್ನೆ ಬಹಳ ಸರಳ: ಗಾಡಿ ಹೋದ ಮೇಲೆ ನಮ್ಮ ಜೊತೆ ಯಾರು ಇರ್ತಾರೆ? ಈ ಪ್ರಶ್ನೆ ಹಿಡಿದುಕೊಂಡು ಬಂಗಾಳದಿಂದ ವೆಲ್ಲೂರಿಗೆ, ಅಲ್ಲಿಂದ ಮಹಾರಾಷ್ಟ್ರದ ಜಾಮಖೇಡಕ್ಕೆ, ಕೊನೆಗೆ ನಮ್ಮ ಊರಿನ ಆಶಾ ಕಾರ್ಯಕರ್ತೆಯ ಮನೆ ಬಾಗಿಲಿಗೆ ಬರೋಣ.

ಮುಟ್ಟಿದ ಕೈ

ಮೊದಲು ಸತ್ಯ ಹೇಳಿಬಿಡೋಣ. ಈ ದೇಶದಲ್ಲಿ ವೈದ್ಯ ಇರಲಿಲ್ಲ ಅಂತಲ್ಲ. ಆಯುರ್ವೇದ ಇತ್ತು, ಯುನಾನಿ ಇತ್ತು, ಅರಮನೆಗಳಿಗೆ ರಾಜವೈದ್ಯರಿದ್ದರು. ಕೇರಿಗೆ ಇದ್ದದ್ದು ಕೇರಿಯದೇ ವೈದ್ಯ: ನಾಟಿ ಬೇರು, ಸೂಲಗಿತ್ತಿಯ ಕೈ, ಮಾರಿಯ ಹರಕೆ. ಇದರಲ್ಲಿ ಒಂದು ವಿಚಿತ್ರ ನೋಡಿ. ಮೇಲುಜಾತಿಯ ಮನೆಯ ಮಗುವಿನ ಹೊಕ್ಕುಳ ಬಳ್ಳಿ ಕತ್ತರಿಸೋಕೆ ಈ ದೇಶದ ಅನೇಕ ಕಡೆ ಕೆಳಜಾತಿಯ ಹೆಂಗಸೇ ಬೇಕಿತ್ತು. ಹೆರಿಗೆಯ ರಕ್ತ ಮೈಲಿಗೆ. ಮೈಲಿಗೆಯ ಕೆಲಸ ನಮ್ಮ ಪಾಲು. ಅವಳ ಕೈ ಬೇಕು, ಆ ಕೈ ಕೊಟ್ಟ ನೀರು ಬೇಡ.

ಇಂಥ ದೇಶಕ್ಕೆ 1793ರಲ್ಲಿ ವಿಲಿಯಂ ಕೇರಿಯ ಜೊತೆ ಜಾನ್ ಥಾಮಸ್ ಎಂಬ ಹಡಗಿನ ಡಾಕ್ಟರು ಬಂದ. 1800ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಕೃಷ್ಣಪಾಲ್ ಎಂಬ ಬಡಗಿಯ ತೋಳಿನ ಕೀಲು ಜಾರಿತ್ತು. ಥಾಮಸ್ ಅದನ್ನು ಕೂರಿಸಿದ. ಆ ವರ್ಷ ಮುಗಿಯುವುದರೊಳಗೆ ಕೃಷ್ಣಪಾಲ್ ಮಿಷನ್ನಿನವರ ಜೊತೆ ಕೂತು ಉಂಡ, ದೀಕ್ಷಾಸ್ನಾನ ತಗೊಂಡ. ಆ ಮಿಷನ್ನಿನ ಮೊದಲ ಬಂಗಾಳಿ ಕ್ರೈಸ್ತ ಅವನೇ. ಮಿಷನ್ನುಗಳು ಇದರಿಂದ ಪಾಠ ಕಲಿತವು. ಬೈಬಲಿಗೆ ತೆರೆಯದ ಬಾಗಿಲು ಔಷಧಿಗೆ ತೆರೆಯುತ್ತೆ ಎಂಬುದು ಆ ಪಾಠ. 1819ರಲ್ಲಿ ಅಮೆರಿಕದಿಂದ ಜಾನ್ ಸ್ಕಡರ್ ಹೊರಟು ಸಿಲೋನಿಗೆ ಬಂದ, 1836ರಲ್ಲಿ ಮದರಾಸಿಗೆ ಬಂದ. ಅಮೆರಿಕ ಹೊರದೇಶಕ್ಕೆ ಕಳಿಸಿದ ಮೊದಲ ವೈದ್ಯ ಮಿಷನರಿ ಆತ. ಅವನ ಮಕ್ಕಳು ಮೊಮ್ಮಕ್ಕಳು ತಲೆತಲೆಮಾರು ಇದೇ ಕೆಲಸಕ್ಕೆ ನಿಂತರು.

ಮತಾಂತರದ ಆಸೆ ಇರಲಿಲ್ಲವೇ? ಇತ್ತು. ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಔಷಧಿಯ ಜೊತೆ ಪ್ರಾರ್ಥನೆ, ಬೋಧನೆ ನಡೆಯುತ್ತಿತ್ತು. ಆದರೆ ಇದನ್ನು ದೊಡ್ಡ ಗಂಟಲಲ್ಲಿ ಕೂಗುವವರಿಗೆ ನಮ್ಮದೂ ಒಂದು ಪ್ರಶ್ನೆ ಇದೆ. ಅವರು ಬರುವ ಮುಂಚಿನ ಸಾವಿರಾರು ವರ್ಷ ನೀವು ಎಲ್ಲಿದ್ದಿರಿ? ಹುಣ್ಣು ಬಿದ್ದ ನಮ್ಮ ಕಾಲನ್ನು ಮುಟ್ಟೋಕೆ ನಿಮ್ಮ ಯಾವ ಶಾಸ್ತ್ರ ಅಡ್ಡ ಬಂದಿತ್ತು?

ಹಾಗಂತ ಮಿಷನ್ ಆಸ್ಪತ್ರೆಯ ಹೊಸ್ತಿಲಲ್ಲಿ ಜಾತಿ ಚಪ್ಪಲಿ ಬಿಟ್ಟು ನಿಂತುಕೊಂಡಿತು ಅಂತ ನಂಬಬೇಡಿ. ಮೇಲುಜಾತಿಯ ರೋಗಿಗಳು ಬರಲಿ ಅಂತ ಕೆಲವು ಆಸ್ಪತ್ರೆಗಳು ಬೇರೆ ವಾರ್ಡು, ಬೇರೆ ಅಡುಗೆಮನೆ ಮಾಡಿಕೊಟ್ಟವು. ತಮಿಳುನಾಡಿನ ಅನೇಕ ಚರ್ಚುಗಳಲ್ಲಿ ದಲಿತರಿಗೆ ಬೇರೆ ಜಾಗ, ಸತ್ತ ಮೇಲೆ ಬೇರೆ ಸ್ಮಶಾನ. ಸ್ವತಂತ್ರ ಭಾರತದ ಸರ್ಕಾರವೂ ಕಡಿಮೆ ಮಾಡಲಿಲ್ಲ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳನ್ನು ಬಿಟ್ಟು ಬೇರೆ ಯಾರೂ ಪರಿಶಿಷ್ಟ ಜಾತಿ ಅಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತನಾದ ದಲಿತ ಚರ್ಚಿನೊಳಗೆ ಹೊಲೆಯನಾಗಿಯೇ ಉಳಿದ, ಸರ್ಕಾರದ ಕಡತದಲ್ಲಿ ಹೊಲೆಯ ಅಲ್ಲ ಎನಿಸಿಕೊಂಡ.

ಇನ್ನೊಂದು ಸಂಗತಿ ನಾವು ಮರೆಯಬಾರದು. ಆಸ್ಪತ್ರೆಗೆ ಡಾಕ್ಟರ ಹೆಸರು ಇಡ್ತಾರೆ, ದಾನಿಯ ಹೆಸರು ಇಡ್ತಾರೆ. ಮಲ ಮೂತ್ರ ಬಳಿದು, ಕೀವು ಒರೆಸಿ, ರಾತ್ರಿ ಎದ್ದು ಕೂತವರು ನರ್ಸುಗಳು. ಪರರ ಮೈ ಮುಟ್ಟುವ ಈ ಕೆಲಸಕ್ಕೆ ಮೇಲುಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಈ ದೇಶದ ನರ್ಸುಗಳಲ್ಲಿ ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳು. ಅವರಲ್ಲಿ ಅನೇಕರು ತಳಜಾತಿಗಳಿಂದ ಬಂದವರು. ಸೂಲಗಿತ್ತಿಯ ಮೈಲಿಗೆ ಕೈಯೇ ಬಿಳಿ ಸಮವಸ್ತ್ರ ತೊಟ್ಟುಕೊಂಡು ಆಸ್ಪತ್ರೆಗೆ ಬಂತು. ಸಂಬಳವೂ ಬಂತು ಅನ್ನೋದೇ ದೊಡ್ಡ ಬದಲಾವಣೆ.

ನಮ್ಮ ನಾಡಿನಲ್ಲೂ ಈ ಕೈಗಳ ಗುರುತು ಇದೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೀತಾರೆ. ಕೋಲಾರದಲ್ಲಿ ಮೆಥಡಿಸ್ಟರು, ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು, ಉಡುಪಿಯಲ್ಲಿ 1923ರಿಂದ ಡಾಕ್ಟರ್ ಈವಾ ಲೊಂಬಾರ್ಡ್. ಬೆಳಗಾವಿ, ಬಿಜಾಪುರದ ಕಡೆಯವರು ಗಡಿ ದಾಟಿ ಮಿರಜಕ್ಕೆ ಹೋಗ್ತಿದ್ದರು. ಅಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಿದ್ದ. ಇವು ನಿಂತ ಆಸ್ಪತ್ರೆಗಳು. ರೋಗಿ ಅಲ್ಲಿಗೆ ನಡೆದು ಹೋಗಬೇಕು. ಹೋಗಲಾರದವರ ಕತೆ ಏನು? ಅಲ್ಲಿಂದಲೇ ಕ್ಯಾಂಪಿನ ಚರಿತ್ರೆ ಶುರುವಾಗೋದು.

ವೆಲ್ಲೂರಿನ ರಸ್ತೆ

1890ರ ಸುಮಾರಿಗೆ ತಮಿಳುನಾಡಿನ ತಿಂಡಿವನಂನಲ್ಲಿ ಒಂದು ರಾತ್ರಿ. ಜಾನ್ ಸ್ಕಡರನ ಮೊಮ್ಮಗಳು ಐಡಾ ಇಪ್ಪತ್ತು ವರ್ಷದ ಹುಡುಗಿ, ಅಮೆರಿಕದಿಂದ ತಾಯಿಯನ್ನು ನೋಡಿಕೊಳ್ಳೋಕೆ ಬಂದಿದ್ದವಳು. ಆ ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಮೇಲುಜಾತಿಯ ಹಿಂದೂ. ಮೂವರ ಹೆಂಡಂದಿರಿಗೂ ಹೆರಿಗೆ ಕಷ್ಟವಾಗಿತ್ತು. ಐಡಾಳ ಅಪ್ಪ ಡಾಕ್ಟರು, ಅವರನ್ನು ಕರಕೊಂಡು ಹೋಗಿ ಎಂದರೆ ಮೂವರೂ ಒಪ್ಪಲಿಲ್ಲ. ಪರಗಂಡಸು ಮುಟ್ಟುವುದಕ್ಕಿಂತ ಸಾಯುವುದೇ ಲೇಸು ಎಂಬ ನಂಬಿಕೆ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು.

ಮಿಷನ್ನಿನ ಪುಸ್ತಕಗಳು ಈ ಕತೆಯನ್ನು ದೇವರ ಕರೆ ಎಂದು ಹೇಳುತ್ತವೆ. ನಾವು ಇದನ್ನು ಇನ್ನೊಂದು ಥರ ಓದಬೇಕು. ಮಡಿ ಅನ್ನೋದು ನಮ್ಮನ್ನು ಮಾತ್ರ ಕೊಂದಿಲ್ಲ. ತನ್ನ ಮನೆಯ ಹೆಣ್ಣನ್ನೂ ಕೊಂದಿದೆ. ಮುಟ್ಟಬಾರದು ಎಂಬ ಕಾನೂನು ಹೊರಗಿನವನಿಗೆ ಬೇಲಿ, ಒಳಗಿನವಳಿಗೆ ಕುಣಿಕೆ.

ಐಡಾ ಅಮೆರಿಕಕ್ಕೆ ವಾಪಸು ಹೋಗಿ 1899ರಲ್ಲಿ ಡಾಕ್ಟರಾದಳು. 1900ರಲ್ಲಿ ವೆಲ್ಲೂರಿಗೆ ಬಂದು ಒಂದು ಹಾಸಿಗೆಯ ದವಾಖಾನೆ ಶುರು ಮಾಡಿದಳು. 1902ರಲ್ಲಿ ಹೆಂಗಸರ ಆಸ್ಪತ್ರೆ, 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಇವತ್ತು ಕೋಲಾರ, ಚಿತ್ತೂರಿನ ಕಡೆಯ ಬಡವರೂ ಕೊನೆಯ ಆಸೆ ಅಂತ ಓಡುವ ವೆಲ್ಲೂರಿನ ದೊಡ್ಡ ಆಸ್ಪತ್ರೆ ಬೆಳೆದದ್ದು ಹೀಗೆ.

ನಮ್ಮ ವಿಷಯಕ್ಕೆ ಬೇಕಾದದ್ದು ಅವಳ ಇನ್ನೊಂದು ಕೆಲಸ. 20ನೇ ಶತಮಾನದ ಮೊದಲ ದಶಕದಲ್ಲೇ ಅವಳು ವಾರಕ್ಕೊಂದು ದಿನ ಹಳ್ಳಿಗಳ ಕಡೆ ಹೊರಟಳು. ಮೊದಲು ಎತ್ತಿನ ಗಾಡಿ, ಆಮೇಲೆ ಫ್ರಾನ್ಸಿನ ಪೂಜೋ ಮೋಟಾರು. ಗುಡಿಯಾತ್ತಂ ದಾರಿಯಲ್ಲಿ ಮರದ ನೆರಳಲ್ಲಿ ಗಾಡಿ ನಿಲ್ಲುತ್ತಿತ್ತು. ಮೋಟಾರು ಕಂಡು ಮೊದಮೊದಲು ಓಡಿಹೋದ ಜನ ಆಮೇಲೆ ಕಾದು ಕೂರತೊಡಗಿದರು. ಹುಣ್ಣು, ಕಜ್ಜಿ, ಕಣ್ಣುಬೇನೆ, ಜ್ವರ ಎಲ್ಲಕ್ಕೂ ಅಲ್ಲೇ ರಸ್ತೆ ಬದಿಯಲ್ಲಿ ಮದ್ದು. ಕುಷ್ಠ ಹಿಡಿದವರೂ ಬಂದರು. ಇಂಗ್ಲಿಷಿನಲ್ಲಿ ಅದಕ್ಕೆ ರೋಡ್‌ಸೈಡ್ ಅಂತಲೇ ಹೆಸರು ಬಿತ್ತು.

ಈ ರಸ್ತೆ ಬದಿಯ ವೈದ್ಯಕ್ಕೂ ಇವತ್ತಿನ ಕ್ಯಾಂಪಿಗೂ ಒಂದು ವ್ಯತ್ಯಾಸ ಇದೆ. ಐಡಾಳ ಗಾಡಿ ಅದೇ ರಸ್ತೆಗೆ ವಾರ ವಾರ ಮತ್ತೆ ಬರುತ್ತಿತ್ತು. ಹೋದ ವಾರ ಕಟ್ಟಿದ ಪಟ್ಟಿಯನ್ನು ಈ ವಾರ ಬಿಚ್ಚುತ್ತಿದ್ದರು. ಅಷ್ಟಾದರೂ ಉತ್ತರ ಕೊಡುವ ಜವಾಬ್ದಾರಿ ಅಲ್ಲಿತ್ತು.

ಅದೇ ವೆಲ್ಲೂರಿನಲ್ಲಿ 1948ರಿಂದ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಆಪರೇಷನ್ ಮಾಡಿ ನೇರ ಮಾಡತೊಡಗಿದ. ಸ್ಪರ್ಶಜ್ಞಾನ ಸತ್ತ ಕೈಗೆ ಪೆಟ್ಟು ಬಿದ್ದದ್ದು ಗೊತ್ತಾಗದೆ, ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತೆ ಎಂದು ತೋರಿಸಿಕೊಟ್ಟ. ಆದರೆ ಆಪರೇಷನ್ ಆದ ಕೈ ಹಳ್ಳಿಗೆ ವಾಪಸು ಹೋದರೆ ಅದಕ್ಕೆ ಕೆಲಸ ಯಾರು ಕೊಡ್ತಾರೆ? ಅದಕ್ಕೇ 1951ರಲ್ಲಿ ನವಜೀವನ ನಿಲಯ ಎಂಬ ಜಾಗ ಮಾಡಿ, ಗುಣವಾದವರಿಗೆ ಅಲ್ಲಿ ಕೈಕೆಲಸ ಕಲಿಸಿದರು. ಕೈ ನೇರ ಮಾಡೋದು ಸರ್ಜನ್ ಕೆಲಸ. ಆ ಕೈಯನ್ನು ಒಪ್ಪಿಕೊಳ್ಳೋದು ಊರಿನ ಕೆಲಸ. ಊರು ಆ ಕೆಲಸ ಮಾಡಲಿಲ್ಲ.

ಗುಳಿಗೆಯ ಲೆಕ್ಕ

ಈಗ ಗುಳಿಗೆಯ ಲೆಕ್ಕ ನೋಡೋಣ. ಒಂದು ಮಗುವಿಗೆ ಭೇದಿ. ಕ್ಯಾಂಪಿನ ಡಾಕ್ಟರು ಔಷಧಿ ಕೊಟ್ಟ, ಮಗು ಉಳಿಯಿತು. ಮಗು ವಾಪಸು ಬಂದು ಅದೇ ಗುಂಡಿಯ ನೀರು ಕುಡಿಯಿತು, ಮತ್ತೆ ಭೇದಿ. ಯಾಕೆ ಗುಂಡಿಯ ನೀರು? ಊರ ಬಾವಿಗೆ ಅದರ ತಾಯಿ ಕೊಡ ಇಳಿಸುವಂತಿಲ್ಲ. ಈ ಕಾಯಿಲೆಯ ಬೇರು ಮಗುವಿನ ಹೊಟ್ಟೆಯಲ್ಲಿ ಇಲ್ಲ, ಊರಿನ ಹೊಟ್ಟೆಯಲ್ಲಿ ಇದೆ. ಜಂತುಹುಳದ ಮಾತ್ರೆ ಕೊಟ್ಟರೆ ಹುಳ ಬೀಳುತ್ತೆ. ಬರಿಗಾಲು, ಬಯಲು, ಕೂಲಿ ಹಾಗೇ ಇದ್ದರೆ ಹುಳವೂ ವಾಪಸು ಬರುತ್ತೆ. ರಕ್ತದೊತ್ತಡದ ಗುಳಿಗೆ ದಿನಾ ನುಂಗಬೇಕಾದದ್ದು. ಹದಿನೈದು ದಿನದ್ದು ಕೊಟ್ಟು ಹೋದರೆ ಹದಿನಾರನೇ ದಿನ ಏನು?

ಈ ಲೆಕ್ಕವನ್ನು ಮಿಷನ್ನಿನ ಒಳಗಿದ್ದವರೇ ಮಾಡಿಕೊಂಡರು ಅನ್ನೋದು ಒಪ್ಪಬೇಕಾದ ಮಾತು. 1964ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಚರ್ಚುಗಳ ವೈದ್ಯರು ಸೇರಿ, ನಮ್ಮ ಆಸ್ಪತ್ರೆಗಳು ಯಾಕಾಗಿ ಇವೆ ಎಂದು ಕೇಳಿಕೊಂಡರು. 1968ರಲ್ಲಿ ಜಾಗತಿಕ ಚರ್ಚುಗಳ ಮಂಡಳಿ ಜಿನೀವಾದಲ್ಲಿ ಕ್ರೈಸ್ತ ವೈದ್ಯಕೀಯ ಆಯೋಗ ಕಟ್ಟಿತು. ಚರ್ಚುಗಳ ವೈದ್ಯಕೀಯ ಕೆಲಸದಲ್ಲಿ ನೂರಕ್ಕೆ 95 ಪಾಲು ಕಾಯಿಲೆ ಬಂದ ಮೇಲಿನ ಚಿಕಿತ್ಸೆ. ಹಾಸಿಗೆ ಹಿಡಿದವರಲ್ಲಿ ಅರ್ಧಕ್ಕಿಂತ ಕಡಿಮೆಯಲ್ಲದಷ್ಟು ಜನ ತಡೆಯಬಹುದಾದ ಕಾಯಿಲೆಯವರು. ಹೀಗೆಂದು ಅವರದೇ ಸಮೀಕ್ಷೆ ಹೇಳಿತು.

ಅದೇ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆ ಎದ್ದು ನಿಂತ. ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಅಂತ ಬರುತ್ತಿದ್ದ ಹುಡುಗ ಹುಡುಗಿಯರು ಅವರು. ನಿಮ್ಮ ಒಳ್ಳೆಯತನ ಈ ಜನಕ್ಕೆ ಬೇಡ, ಇವರ ಭಾಷೆ ಬಾರದ ನೀವು ಇವರಿಗೆ ಏನನ್ನೂ ಮಾಡಲಾರಿರಿ, ಹಣ ಮತ್ತು ಅಧಿಕಾರದ ಬಲದಿಂದ ಇವರ ಮೇಲೆ ನಿಮ್ಮನ್ನು ಹೇರಬೇಡಿ ಎಂಬುದು ಅವನ ಮಾತಿನ ಸಾರ. ಕರೆದವರ ಮುಖಕ್ಕೇ ಹೇಳಿದ. ಇಂಥ ಬಂಡಾಯದ ಮಾತು ಚರ್ಚಿನ ಒಳಗಿಂದಲೂ ಬಂದಿದೆ.

ಮಾತು ಬಂತು, ಗಾಡಿ ನಿಲ್ಲಲಿಲ್ಲ. ವಿಮಾನದ ಪಯಣ ಸುಲಭವಾದ ಮೇಲೆ ಒಂದು ವಾರ, ಎರಡು ವಾರದ ಮಿಷನ್ ಯಾತ್ರೆಗಳು ಹೆಚ್ಚಿದವು. 2005ರ ಒಂದೇ ವರ್ಷದಲ್ಲಿ ಅಮೆರಿಕದ ಸುಮಾರು 16 ಲಕ್ಷ ಚರ್ಚ್ ಸದಸ್ಯರು ಇಂಥ ಯಾತ್ರೆಗೆ ಹೊರದೇಶಕ್ಕೆ ಹೋದರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುಥ್ನೋ ಅಂದಾಜು ಮಾಡಿದ್ದಾರೆ. ಮನೆ ಕಟ್ಟೋಕೆ ಹೋದವರು, ಪಾಠ ಹೇಳೋಕೆ ಹೋದವರು, ವೈದ್ಯಕ್ಕೆ ಹೋದವರು ಎಲ್ಲ ಸೇರಿ ಈ ಲೆಕ್ಕ. ಅವರ ವಿಮಾನದ ಖರ್ಚಿನಲ್ಲಿ ಹಳ್ಳಿಯ ಒಬ್ಬ ನರ್ಸಿಗೆ ಎಷ್ಟು ತಿಂಗಳ ಸಂಬಳ ಕೊಡಬಹುದಿತ್ತು ಎಂದು ನೀವೇ ಗುಣಾಕಾರ ಮಾಡಿ.

ಬಂದು ಹೋಗುವ ವೈದ್ಯ ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಒಂದು ದಾಖಲೆ ಇದೆ. ಅದು ಮಿಷನ್ನಿನದಲ್ಲ, ಒಂದು ಸೇವಾ ಕ್ಲಬ್ಬಿನ ಕ್ಯಾಂಪು. 1986ರ ಏಪ್ರಿಲ್‌ನಲ್ಲಿ ಉತ್ತರಪ್ರದೇಶದ ಖುರ್ಜಾದಲ್ಲಿ 88 ಜನರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವರಲ್ಲಿ 84 ಜನರ ಆಪರೇಷನ್ ಆದ ಕಣ್ಣು ಪೂರ್ತಿ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1989ರಲ್ಲಿ ತೀರ್ಪು ಬಂತು. ಪುಕ್ಕಟೆ ಕೊಟ್ಟದ್ದು ಅಂತ ಎಚ್ಚರ ಕಡಿಮೆ ಮಾಡುವಂತಿಲ್ಲ ಅನ್ನೋದು ಆ 84 ಕಣ್ಣುಗಳ ಪಾಠ. ಕೊಟ್ಟವನಿಗೆ ಅದು ಪುಕ್ಕಟೆ ಸೇವೆ. ತಗೊಂಡವನಿಗೆ ಅದು ಇದ್ದ ಒಂದು ಕಣ್ಣು.

ಜಾಮಖೇಡದ ಹೆಂಗಸರು

ಇನ್ನು ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಗೆ ಬನ್ನಿ. ಆ ಜಿಲ್ಲೆಗೆ ಈಗ ಅಹಿಲ್ಯಾನಗರ ಎಂದು ಹೆಸರಾಗಿದೆ. ಸಾವಿತ್ರಿಬಾಯಿ ಫುಲೆ ಶಿಕ್ಷಕಿಯ ತರಬೇತಿ ಪಡೆದದ್ದು ಆ ಅಹಮದ್‌ನಗರದ ಮಿಷನ್ ಸಂಸ್ಥೆಯಲ್ಲಿ. ಅದೇ ಸಾವಿತ್ರಿಬಾಯಿ 1897ರ ಪ್ಲೇಗಿನಲ್ಲಿ ಪುಣೆ ಬಿಟ್ಟು ಓಡಲಿಲ್ಲ. ಪ್ಲೇಗು ಹಿಡಿದ ಒಬ್ಬ ಮಹಾರ್ ಹುಡುಗನನ್ನು ತಾನೇ ಹೊತ್ತು ಮಗ ಯಶವಂತನ ದವಾಖಾನೆಗೆ ತಂದಳು. ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡಳು. ಉಳಿಯುವ ವೈದ್ಯ ಅಂದರೆ ಏನು ಅಂತ ನಮಗೆ ಮೊದಲು ತೋರಿಸಿದ ನಮ್ಮವ್ವ ಅವಳು.

ಅದೇ ಜಿಲ್ಲೆಯ ವಡಾಳಾ ಎಂಬಲ್ಲಿ ಮಿಷನ್ ಆಸ್ಪತ್ರೆಗೆ 1962ರಲ್ಲಿ ಗಂಡ ಹೆಂಡತಿ ಡಾಕ್ಟರು ಬಂದರು. ರಜನೀಕಾಂತ ಆರೋಳೆ, ಮೇಬಲ್ ಆರೋಳೆ. ಇಬ್ಬರೂ ವೆಲ್ಲೂರಿನಲ್ಲಿ ಓದಿದವರು, ಐಡಾಳ ರಸ್ತೆಯಿಂದ ಬಂದವರು. ನಾಲ್ಕು ವರ್ಷ ಹಗಲು ರಾತ್ರಿ ದುಡಿದರು. ಗುಣವಾಗಿ ಹೋದವರು ಅದೇ ಕಾಯಿಲೆ ಹೊತ್ತು ವಾಪಸು ಬರುವುದನ್ನು ಕಂಡರು. ಆಸ್ಪತ್ರೆಯ ಬಾಗಿಲಲ್ಲಿ ಕೂತು ಊರಿನ ಕಾಯಿಲೆ ವಾಸಿ ಮಾಡೋಕಾಗಲ್ಲ ಅನ್ನೋದು ಅವರಿಗೆ ಖಚಿತವಾಯಿತು. ಅಮೆರಿಕಕ್ಕೆ ಹೋಗಿ ಸಾರ್ವಜನಿಕ ಆರೋಗ್ಯ ಓದಿಕೊಂಡು ಬಂದು, 1970ರಲ್ಲಿ ಜಾಮಖೇಡ ಎಂಬ ಬರದ ತಾಲ್ಲೂಕಿನಲ್ಲಿ ನೆಲೆ ನಿಂತರು.

ಮೊದಲು ಅವರೂ ಕಲಿತ ದಾರಿಯಲ್ಲೇ ಹೊರಟರು: ಹಳ್ಳಿಗೊಬ್ಬ ನರ್ಸು. ಪಟ್ಟಣದಲ್ಲಿ ಓದಿದ ಹುಡುಗಿಯರು ಹಳ್ಳಿಯಲ್ಲಿ ರಾತ್ರಿ ಉಳಿಯೋಕೆ ಒಪ್ಪಲಿಲ್ಲ. ಆಗ ಊರಿನವರೇ ತಮ್ಮೊಳಗಿಂದ ಒಬ್ಬ ಹೆಂಗಸನ್ನು ಆರಿಸಿಕೊಡಲಿ ಎಂದರು. ಬಂದವರಲ್ಲಿ ಬಹಳ ಜನಕ್ಕೆ ಓದು ಬರಹ ಇಲ್ಲ. ಅನೇಕರು ದಲಿತರು. ಗಂಡ ಬಿಟ್ಟವರು, ವಿಧವೆಯರು ಇದ್ದರು. ವಾರ ವಾರ ಜಾಮಖೇಡಕ್ಕೆ ಬಂದು, ಎಲ್ಲ ಜಾತಿಯವರೂ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ ಕಲಿತರು. ಭೇದಿಗೆ ಉಪ್ಪು ಸಕ್ಕರೆ ನೀರು, ಶುದ್ಧ ಬ್ಲೇಡಿನಿಂದ ಹೊಕ್ಕುಳ ಬಳ್ಳಿ, ಮಗುವಿನ ತೂಕ, ಕುಷ್ಠ ಮತ್ತು ಕ್ಷಯದ ಗುರುತು. ಮಾರನೇ ದಿನ ಊರಿಗೆ ಹೋಗಿ ಮನೆ ಮನೆಗೆ ಹೇಳಿದರು. ಮುಟ್ಟಬಾರದ ಹೆಂಗಸನ್ನು ಮೇಲುಜಾತಿಯ ಮನೆಯವರು ತಾವಾಗಿಯೇ ಒಳಗೆ ಕರೆಯುವ ಕಾಲ ಬಂತು. ಅವಳು ಬರದಿದ್ದರೆ ಸೊಸೆ ಉಳಿಯಲ್ಲ ಅನ್ನೋದು ಅವರಿಗೆ ಗೊತ್ತಾಗಿತ್ತು.

ನೀರಿನ ಕತೆ ಇನ್ನೂ ದೊಡ್ಡದು. 1972ರ ಬರದಲ್ಲಿ ಜಾಮಖೇಡದ ಸುತ್ತ ಕೊಳವೆ ಬಾವಿ ಕೊರೆಸುವ ಕೆಲಸ ನಡೆಯಿತು. ಎಲ್ಲಿ ಕೊರೆಯಬೇಕು? ಭೂಗರ್ಭದವರು ಹೇಳಿದ ಕಡೆ ತಾನೇ? ಆರೋಳೆಯವರು ದಲಿತರ ಕೇರಿಯಲ್ಲೇ ನೀರು ಹುಡುಕಿಸಿದರು. ಕೈಪಂಪು ಕೇರಿಯಲ್ಲಿ ಎದ್ದು ನಿಂತಿತು. ಬಾಯಾರಿದ ಊರು ಕೊಡ ಹೊತ್ತು ಕೇರಿಗೆ ಬಂತು, ನಮ್ಮವರು ಹಿಡಿದ ಅದೇ ಹಿಡಿಯನ್ನು ಒತ್ತಿತು.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ಹಕ್ಕನ್ನು ಕೋರ್ಟು ಒಪ್ಪೋಕೆ ಹತ್ತು ವರ್ಷ ಹಿಡಿಯಿತು. ಬೊಂಬಾಯಿ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಮಹಾಡದಲ್ಲಿ ನಾವು ಊರ ನೀರಿಗೆ ಹೋದೆವು. ಜಾಮಖೇಡದಲ್ಲಿ ಊರು ನಮ್ಮ ನೀರಿಗೆ ಬಂತು. ಎರಡೂ ಒಂದೇ ಹೋರಾಟದ ಎರಡು ದಾರಿ. ಕೈಪಂಪು ಎಲ್ಲಿ ನೆಡಬೇಕು ಅನ್ನೋದು ಎಂಜಿನಿಯರನ ಪ್ರಶ್ನೆ ಅಂತ ಇನ್ನು ಮುಂದೆ ಯಾರೂ ಹೇಳದಿರಲಿ.

ಫಲ ಏನು? ಯೋಜನೆಯವರದೇ ಲೆಕ್ಕದಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 176 ವರ್ಷ ತುಂಬುವ ಮುಂಚೆ ಸಾಯುತ್ತಿದ್ದವು. 1976ರ ಹೊತ್ತಿಗೆ 52. ವಿಶ್ವ ಆರೋಗ್ಯ ಸಂಸ್ಥೆ 1975ರ ತನ್ನ ಪುಸ್ತಕದಲ್ಲಿ ಜಾಮಖೇಡವನ್ನು ಜಗತ್ತಿಗೆ ತೋರಿಸಿತು. 1978ರಲ್ಲಿ ಸೋವಿಯತ್ ದೇಶದ ಆಲ್ಮಾ ಆಟಾದಲ್ಲಿ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಎಂಬ ಘೋಷಣೆ ಆಯಿತು. ಆ ಘೋಷಣೆಯ ಹಿಂದೆ ಜಾಮಖೇಡದ ಓದು ಬಾರದ ಹೆಂಗಸರ ಕಾಲ್ನಡಿಗೆಯೂ ಇತ್ತು.

ಯಾರ ಹಾಲು, ಯಾರ ಗೌರವ

ನಮ್ಮ ಕಡೆಯೂ ಪ್ರಯೋಗ ಆಗಿದೆ. ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾಯಿತು. ಅದರ ನೆರವಿನಿಂದ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಆರೋಗ್ಯ ಸಹಕಾರಿ ಹುಟ್ಟಿತು. ಹಾಲಿನ ಸಹಕಾರ ಸಂಘ ಮಾರಿದ ಹಾಲಿನ ಮೇಲೆ ಲೀಟರಿಗೆ ಇಷ್ಟು ಪೈಸೆ ಅಂತ ಎತ್ತಿಟ್ಟು ಡಾಕ್ಟರಿಗೆ, ಔಷಧಿಗೆ ಹಣ ಹೊಂದಿಸಿದರು. ಹೊರಗಿನವರ ದಾನಕ್ಕೆ ಕೈ ಚಾಚದೆ ಊರೇ ತನ್ನ ವೈದ್ಯವನ್ನು ಸಾಕಿಕೊಳ್ಳುವ ಒಳ್ಳೆಯ ಯೋಚನೆ ಅದು. ಆದರೆ ಹಾಲಿನ ಸಂಘಕ್ಕೆ ಹಾಲು ಹಾಕೋಕೆ ಹಸು ಬೇಕು, ಹಸುವಿಗೆ ಮೇವು ಬೇಕು, ಮೇವಿಗೆ ನೆಲ ಬೇಕು. ನೆಲ ಇಲ್ಲದವನು ಇಂಥ ಸಂಘದಲ್ಲಿ ಎಲ್ಲಿ ನಿಲ್ಲುತ್ತಾನೆ? ಭೂಮಿಯ ಪ್ರಶ್ನೆ ಬಿಟ್ಟು ಆರೋಗ್ಯದ ಪ್ರಶ್ನೆ ಬಿಡಿಸೋಕೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಡ.

ಜಾಮಖೇಡದಂಥ ಪ್ರಯೋಗಗಳ ದಾರಿಯಲ್ಲೇ ಸರ್ಕಾರ 2005ರಲ್ಲಿ ಆಶಾ ಕಾರ್ಯಕರ್ತೆಯರನ್ನು ತಂದಿತು. ನಮ್ಮ ರಾಜ್ಯದಲ್ಲಿ ಸುಮಾರು 42 ಸಾವಿರ ಹೆಂಗಸರು. ಬಸುರಿಯನ್ನು ಆಸ್ಪತ್ರೆಗೆ ಸೇರಿಸೋಳು ಇವಳು, ಲಸಿಕೆಗೆ ಮಗು ಹುಡುಕೋಳು ಇವಳು, ಕೊರೋನಾ ಕಾಲದಲ್ಲಿ ಮನೆ ಮನೆ ಬಾಗಿಲು ತಟ್ಟಿದವಳು ಇವಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಪ್ರಶಸ್ತಿ ಕೊಟ್ಟಿತು. ಆದರೆ ಇವಳು ನೌಕರಳಲ್ಲವಂತೆ, ಕಾರ್ಯಕರ್ತೆಯಂತೆ. ಇವಳಿಗೆ ಸಿಗುವುದು ಸಂಬಳ ಅಲ್ಲವಂತೆ, ಗೌರವಧನವಂತೆ. 2025ರ ಜನವರಿಯ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ಹಳೇ ಸೀರೆ ಕೊಟ್ಟು ಕಳಿಸುತ್ತಿದ್ದ ಊರಗೌಡನಿಗೂ ಈ ಗೌರವಧನಕ್ಕೂ ನಂಟು ಕಾಣಿಸಲ್ಲವೇ? ಜಾಮಖೇಡದ ಹೆಂಗಸರೂ ಬಹುಪಾಲು ಸ್ವಯಂಸೇವಕಿಯರೇ. ಉಳಿಯುವವಳಿಗೆ ಕೂಲಿ ಕೊಡದೆ ಅವಳ ತ್ಯಾಗವನ್ನು ಹಾಡಿ ಹೊಗಳೋದು ಹಳೆಯ ಬಿಟ್ಟಿ ಚಾಕರಿಯೇ.

ಹಾಗಾದರೆ ಕ್ಯಾಂಪು ಬೇಡವೇ? ಪೊರೆ ಬಂದ ಅಜ್ಜಿಗೆ ಕಣ್ಣು ಬೇಕು, ಅವಳಿಗೆ ನಮ್ಮ ಸಿದ್ಧಾಂತ ಬೇಡ. ಬರುವವರು ಬರಲಿ. ಶಿಲುಬೆ ಹೊತ್ತವರು ಬರಲಿ, ಮಠದವರು ಬರಲಿ, ಕ್ಲಬ್ಬಿನವರು ಬರಲಿ, ಶಾಸಕನ ಹುಟ್ಟುಹಬ್ಬಕ್ಕೆ ಬರುವವರೂ ಬರಲಿ. ಪುಕ್ಕಟೆ ಸಿಗುತ್ತೆ ಅಂತ ಬಾಯಿ ಮುಚ್ಚಿ ಸಾಲಲ್ಲಿ ನಿಲ್ಲೋದು ಬೇಡ. ಶಾಮಿಯಾನ ಊರ ನಡುವೆಯೋ, ಕೇರಿಯ ಹತ್ತಿರವೋ? ಕೊಟ್ಟ ಗುಳಿಗೆಯ ಹೆಸರನ್ನು ಕನ್ನಡದಲ್ಲಿ ಬರೆದು ಕೊಡ್ತೀರೋ? ಆಪರೇಷನ್ ಕೆಟ್ಟರೆ ಯಾವ ಆಸ್ಪತ್ರೆಗೆ, ಯಾರ ಹೆಸರು ಹೇಳಿಕೊಂಡು ಹೋಗಬೇಕು? ನೋಡಿದ ಕಾಯಿಲೆಗಳ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು ಹೋಗ್ತೀರೋ? ನಮ್ಮ ಆಶಾಳಿಗೆ ಏನು ಕಲಿಸಿ ಹೋಗ್ತೀರಿ? ಮತ್ತೆ ಯಾವ ತಾರೀಕಿಗೆ ಬರ್ತೀರಿ?

ಈ ಪ್ರಶ್ನೆಗಳನ್ನು ಸಂಘಟನೆಗಳ ಶಿಬಿರಗಳಿಗೂ ಕೇಳಬಹುದು. ಏಪ್ರಿಲ್ 14ಕ್ಕೆ ಕೇರಿಗೆ ಬಂದ ಭಾಷಣದ ಗಾಡಿ ಏಪ್ರಿಲ್ 15ಕ್ಕೆ ಎಲ್ಲಿರುತ್ತೆ ಅನ್ನೋದನ್ನು ಕೇರಿ ಸುಮ್ಮನೆ ನೋಡ್ತಾ ಇರುತ್ತೆ.

ಹಳ್ಳಿಯ ಮೇಷ್ಟರುಗಳಿಗೆ ಕೊನೆಗೊಂದು ಮಾತು. ಕ್ಯಾಂಪು ಹೆಚ್ಚಾಗಿ ನಡೆಯೋದು ನಿಮ್ಮ ಶಾಲೆಯಲ್ಲಿ. ಬೀಗದ ಕೈ ನಿಮ್ಮ ಹತ್ತಿರ ಇದೆ. ಕೊಠಡಿ ತೆರೆಯುವ ಮುಂಚೆ ಮೇಲಿನ ಆರು ಪ್ರಶ್ನೆ ಒಂದು ಹಾಳೆಯ ಮೇಲೆ ಬರೆದು, ಉತ್ತರ ಬರೆಸಿಕೊಂಡು, ಸಹಿ ಹಾಕಿಸಿ, ಕೇರಿಯ ಮಕ್ಕಳ ಕೈಯಲ್ಲಿ ಜೋರಾಗಿ ಓದಿಸಿ. ಆಮೇಲೆ ಬೀಗ ತೆಗೆಯಿರಿ.